ತಣ್ಣನೆಯ ಗಾಳಿ, ತಪ್ಪು ತೂಕ

ಭಾನುವಾರ ಬೆಳಗ್ಗೆ ಬೆಂಗಳೂರಿನ ಏರ್‌ಪೋರ್ಟ್ ರಸ್ತೆ ಕಡೆ ತಿಂಡಿಯ ನೆಪದಲ್ಲಿ ಸ್ಪೋರ್ಟ್ಸ್ ಕಾರಿನವರು ಗುಂಪುಗೂಡುತ್ತಾರಲ್ಲ, ಅಲ್ಲಿ ಯಾವುದಾದರೂ ಮಸ್ಟಾಂಗ್ ಜಿಟಿಯ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ ಅಲ್ಲ, ಏರ್ ಫಿಲ್ಟರ್. ಕಂಪನಿಯ ಕಪ್ಪು ಪ್ಲಾಸ್ಟಿಕ್ ಡಬ್ಬ ಹೋಗಿ ಆ ಜಾಗದಲ್ಲಿ ಕೆಂಪು ಕೋನ್ ಫಿಲ್ಟರು, ಹೊಳೆಯುವ ದಪ್ಪ ಪೈಪು, ಸಿಲಿಕೋನ್ ಹೋಸು ಬಂದು ಕೂತಿರುತ್ತವೆ. ಇದೇ ಕೋಲ್ಡ್ ಏರ್ ಇನ್‌ಟೇಕ್ ಕಿಟ್. ಏನು ವ್ಯತ್ಯಾಸ ಆಯ್ತು ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ: "ಪಿಕಪ್ ಜಾಸ್ತಿ ಆಯ್ತು ಗುರು, ಸೌಂಡಂತೂ ಕೇಳ್ಲೇಬೇಡ." ಸೌಂಡಿನ ಮಾತು ನೂರಕ್ಕೆ ನೂರು ನಿಜ. ಪಿಕಪ್ಪಿನ ಮಾತೇ ಯಾಕೋ ಕೊರೆಯುತ್ತಲೇ ಇರುತ್ತದೆ, ಏಕೆಂದರೆ ಅದನ್ನು ಹೇಳುವವರಲ್ಲಿ ಹೆಚ್ಚಿನವರು ಹಾಕಿಸುವ ಮುಂಚೆ ಏನನ್ನೂ ಅಳೆದಿರುವುದಿಲ್ಲ. ಹಾಕಿಸಿದ ಮೇಲೂ ಅಳೆದಿರುವುದಿಲ್ಲ. ಕಿವಿ ಕೇಳಿದ್ದನ್ನೇ ಬೆನ್ನು ನಂಬಿರುತ್ತದೆ.

ಇಲ್ಲಿ ಮಸ್ಟಾಂಗ್ ಅಂದರೆ 2016ರಲ್ಲಿ ಭಾರತಕ್ಕೆ ಬಂದ ಆರನೇ ತಲೆಮಾರಿನ ಜಿಟಿ. 5.0 ಲೀಟರ್ ವಿ8, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಇಲ್ಲಿನ ಕಾರಿಗೆ ಕಂಪನಿ ಹೇಳಿದ ಲೆಕ್ಕ 401 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), 515 ನ್ಯೂಟನ್ ಮೀಟರ್. ಟರ್ಬೊ ಇಲ್ಲದಿರುವುದು ಮುಖ್ಯ. ಟರ್ಬೊ ಇದ್ದರೆ ಮುಂದಿನ ಲೆಕ್ಕಗಳೆಲ್ಲ ಬೇರೆಯಾಗುತ್ತವೆ.

ಕಂಪನಿ ಡಬ್ಬ ಗಾಳಿ ಎಲ್ಲಿಂದ ಎಳೆಯುತ್ತದೆ?

ಕೋಲ್ಡ್ ಏರ್ ಇನ್‌ಟೇಕ್ ಅನ್ನುವ ಹೆಸರು ಕೇಳಿದರೆ, ಇದನ್ನು ಹಾಕಿಸುವವರೆಗೆ ಕಾರು ಬಿಸಿ ಗಾಳಿ ಕುಡಿಯುತ್ತಿತ್ತೇನೋ ಅನ್ನಿಸುತ್ತದೆ. ಬಾನೆಟ್ ಎತ್ತಿ ಒಮ್ಮೆ ಸರಿಯಾಗಿ ನೋಡಿ. ಕಂಪನಿ ಡಬ್ಬದಿಂದ ಒಂದು ಪ್ಲಾಸ್ಟಿಕ್ ಮೂತಿ ಮುಂದಕ್ಕೆ ಚಾಚಿ, ರೇಡಿಯೇಟರ್ ಮೇಲಿನ ಪಟ್ಟಿಯನ್ನು ದಾಟಿ ಗ್ರಿಲ್ ಹಿಂದೆ ಬಾಯಿ ತೆರೆದಿರುತ್ತದೆ. ಅಂದರೆ ರೇಡಿಯೇಟರ್ ಬಿಸಿ ಮಾಡುವುದಕ್ಕೆ ಮುಂಚಿನ ಗಾಳಿಯೇ ಅದಕ್ಕೆ ಸಿಗುತ್ತಿದೆ. ಡಬ್ಬಕ್ಕೆ ಮುಚ್ಚಳ ಇದೆ, ಸುತ್ತ ಗೋಡೆ ಇದೆ, ಎಂಜಿನ್ ಬೇಯ ಬಿಸಿ ಗಾಳಿ ಫಿಲ್ಟರಿಗೆ ನೇರವಾಗಿ ತಾಕುವುದಿಲ್ಲ. ತಣ್ಣನೆಯ ಗಾಳಿಯ ವ್ಯವಸ್ಥೆ ಕಾರ್ಖಾನೆಯಲ್ಲೇ ಆಗಿಬಿಟ್ಟಿದೆ. ಹೊಸ ಕಿಟ್ ಬಂದ ಮೇಲೆ ಆ ವ್ಯವಸ್ಥೆ ಉಳಿಯುತ್ತದೋ ಕೆಡುತ್ತದೋ ಅನ್ನುವುದನ್ನಷ್ಟೇ ನೋಡಬೇಕಾದ್ದು.

ಹೆಬ್ಬಾಳದ ಫ್ಲೈಓವರ್ ಕೆಳಗೆ ಸಂಜೆ ಆರೂವರೆಗೆ ಸಿಕ್ಕಿಹಾಕಿಕೊಂಡ ಕಾರನ್ನು ನೆನೆಸಿಕೊಳ್ಳಿ. ಕಾರಿನ ದೋಷ ಪತ್ತೆಗೆಂದು ಇರುವ ಓಬಿಡಿ ಪೋರ್ಟಿಗೆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಇನ್‌ಟೇಕ್ ಗಾಳಿಯ ಉಷ್ಣತೆಯನ್ನು ಫೋನಿನಲ್ಲಿ ತೆರೆದಿಟ್ಟಿದ್ದೀರಿ. ಹೊರಗೆ 28 ಡಿಗ್ರಿ. ಕಾರು ನಿಂತ ಒಂದೆರಡು ನಿಮಿಷಕ್ಕೆ ರೇಡಿಯೇಟರ್ ಫ್ಯಾನ್ ಹೊಡೆದುಕೊಳ್ಳುತ್ತದೆ, ಬಿಸಿಯೆಲ್ಲ ಬಾನೆಟ್ ಅಡಿಗೆ ತಳ್ಳಲ್ಪಡುತ್ತದೆ, ಫೋನಿನ ಅಂಕಿ 35, 42, 50 ಅಂತ ಹತ್ತುತ್ತದೆ. ಮುಚ್ಚಳವಿಲ್ಲದ, ಬರೀ ಒಂದು ಅಡ್ಡ ತಗಡಿನ ಹಿಂದೆ ಕೂತ ಕೋನ್ ಫಿಲ್ಟರ್ ಆದರೆ 60 ದಾಟುವುದೂ ಉಂಟು. ಮುಂದಿನ ಗಾಡಿ ಹೊರಟಿತು, ನೀವೂ ಹೊರಟಿರಿ, ಜಾಗ ಸಿಕ್ಕಿತೆಂದು ಪೆಡಲ್ ಒತ್ತಿದಿರಿ. ಆ ಕ್ಷಣಕ್ಕೆ ಎಂಜಿನ್ನಿಗೆ ಸಿಕ್ಕಿದ್ದು 60 ಡಿಗ್ರಿ ಗಾಳಿಯಾದರೆ, 35 ಡಿಗ್ರಿಯ ಗಾಳಿಗಿಂತ ಅದರ ಸಾಂದ್ರತೆ ಶೇಕಡ 7ರಿಂದ 8ರಷ್ಟು ಕಡಿಮೆ. ಸರಿಸುಮಾರು 3 ಡಿಗ್ರಿಗೆ ಶೇಕಡ 1 ಅಂತ ನೆನಪಿಟ್ಟುಕೊಂಡರೆ ಸಾಕು. ಇದರ ಜೊತೆಗೆ, ಗಾಳಿ ಬಿಸಿಯಾಗಿದೆ ಅಂತ ಗೊತ್ತಾದ ಕೂಡಲೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಕಿಡಿ ತಡವಾಗಿ ಹಾರುತ್ತದೆ. ಅಲ್ಲಿ ಇನ್ನಷ್ಟು ಹೋಯಿತು. ನೋಡಬೇಕಾದ್ದು ಈ ಅಂಕಿ ಎಷ್ಟು ಏರುತ್ತದೆ ಅನ್ನುವುದಕ್ಕಿಂತ, ಹೊರಟ ಮೇಲೆ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನು. ಕಂಪನಿ ಡಬ್ಬವೋ ಸರಿಯಾಗಿ ಮುಚ್ಚಿದ ಕಿಟ್ಟೋ ಇದ್ದರೆ ಅರ್ಧ ಕಿಲೋಮೀಟರಿನೊಳಗೆ ಹೊರಗಿನ ಉಷ್ಣತೆಗಿಂತ 8-10 ಡಿಗ್ರಿ ಮೇಲಕ್ಕೆ ಬಂದು ನಿಲ್ಲಬೇಕು. ಇಳಿಯದೆ ಅಲ್ಲೇ ಕೂತರೆ ನೀವು ದುಡ್ಡು ಕೊಟ್ಟು ತಂದದ್ದು ಹಾಟ್ ಏರ್ ಇನ್‌ಟೇಕ್.

ಅಲ್ಯೂಮಿನಿಯಂ ಪೈಪು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕೇ ಒಳ್ಳೆಯದು ಅನ್ನುವ ಜಗಳ ಇದೆಯಲ್ಲ, ಅದಕ್ಕೆ ಇಷ್ಟು ಮಹತ್ವ ಬೇಡ. ಈ ಎಂಜಿನ್ 6,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 250 ಲೀಟರಿನ ಆಸುಪಾಸು ಗಾಳಿ ಎಳೆಯುತ್ತದೆ. ಪೈಪಿನೊಳಗಿರುವುದು ನಾಲ್ಕೈದು ಲೀಟರ್. ಗಾಳಿ ಆ ಪೈಪಿನಲ್ಲಿ ಇರುವುದೇ ಸೆಕೆಂಡಿನ ಐವತ್ತನೇ ಒಂದು ಭಾಗ. ಅಷ್ಟರಲ್ಲಿ ಎಷ್ಟು ಬಿಸಿಯಾದೀತು? ಗಾಳಿ ಯಾವ ಜಾಗದಿಂದ ಒಳಗೆ ಬರುತ್ತದೆ ಅನ್ನುವುದು ಮುಖ್ಯ, ಪೈಪು ಯಾವುದರದ್ದು ಅನ್ನುವುದು ಅದರ ಮುಂದೆ ಸಣ್ಣದು.

ಶಿರಾಡಿ ಇಳಿದರೆ ಸಿಗುವುದೆಷ್ಟು, ಫಿಲ್ಟರ್ ಬದಲಿಸಿದರೆ ಸಿಗುವುದೆಷ್ಟು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಿನಲ್ಲಿ 101. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಶೇಕಡ 10ರಷ್ಟು ಗಾಳಿಯನ್ನು ಬಾಗಿಲಲ್ಲೇ ಕಳೆದುಕೊಳ್ಳುತ್ತದೆ. 401 ಪಿಎಸ್‌ನಲ್ಲಿ 40 ಅಲ್ಲೇ ಹೋಯಿತು. ಅದೇ ಕಾರು, ಅದೇ ಫಿಲ್ಟರ್, ಶಿರಾಡಿ ಘಾಟಿ ಇಳಿದು ಪಣಂಬೂರು ತಲುಪಿದರೆ, ಕರಾವಳಿಯ ಸೆಕೆಯ ಬಾಬ್ತು ಒಂದಿಷ್ಟು ಕಳೆದರೂ 30 ಪಿಎಸ್‌ಗೆ ಕಡಿಮೆಯಿಲ್ಲದೆ ಪುಕ್ಕಟೆ ವಾಪಸ್ ಬರುತ್ತದೆ. ಯಾವ ಇನ್‌ಟೇಕ್ ಕಿಟ್ಟೂ ಇದರ ಹತ್ತಿರಕ್ಕೂ ಬರುವುದಿಲ್ಲ.

ಫಿಲ್ಟರಿನಿಂದ ಸಿಗಬಹುದಾದ ಲಾಭಕ್ಕೆ ಒಂದು ಮೇಲ್ಮಿತಿ ಇದೆ, ಅದನ್ನು ಮನೆಯಲ್ಲೇ ಅಳೆಯಬಹುದು. ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರಿಗೂ ಥ್ರಾಟಲ್ ಬಾಡಿಗೂ (ಪೆಡಲ್ ಒತ್ತಿದಂತೆ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಡುವಿನ ಪೈಪಿಗೆ ಜೋಡಿಸಬೇಕು. ಹಲಗೆ ಕಟ್ಟುವ ಗೋಜು ಬೇಡವೆಂದರೆ ಡಿಜಿಟಲ್ ಮ್ಯಾನೋಮೀಟರ್ ಸಿಗುತ್ತದೆ. ಜಿಟಿಯ ಇನ್‌ಟೇಕ್ ಪೈಪಿನಿಂದ ಕ್ಯಾಬಿನ್ ಕಡೆಗೆ ಸದ್ದು ಒಯ್ಯುವ ಒಂದು ಸೌಂಡ್ ಟ್ಯೂಬ್ ಇರುತ್ತದೆ; ಅದನ್ನು ಕಳಚಿ, ನಿಪ್ಪಲ್ ಹಾಕಿದ ರಬ್ಬರ್ ಬಿರಡೆಯಿಂದ ಆ ತೂತನ್ನು ಬಿಗಿಯಾಗಿ ಮುಚ್ಚಿದರೆ ಅಳೆಯುವ ಜಾಗ ಸಿದ್ಧ. ಪೂರ್ತಿ ಥ್ರಾಟಲ್‌ನಲ್ಲಿ 6,500ರವರೆಗೆ ಎಳೆದಾಗ ಎರಡೂ ಕಡೆಯ ನೀರಿನ ಮಟ್ಟ ಎಷ್ಟು ಹೆಚ್ಚುಕಮ್ಮಿಯಾಯಿತು ನೋಡಿ: 10 ಸೆಂಟಿಮೀಟರ್ ಅಂದರೆ ಸುಮಾರು 1 ಕಿಲೋಪಾಸ್ಕಲ್. ಇದನ್ನು ಮಾಡುವ ಜಾಗ ಡೈನೋ (ಕಾರನ್ನು ನಿಂತಲ್ಲೇ ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ), ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟುಕೋಟೈಯಂಥ ಟ್ರ್ಯಾಕ್, ನೈಸ್ ರಸ್ತೆಯಲ್ಲ. ವ್ಯತ್ಯಾಸ 20 ಸೆಂಟಿಮೀಟರ್ ಬಂತು ಅನ್ನಿ. 91ರಲ್ಲಿ 2 ಕಿಲೋಪಾಸ್ಕಲ್, ಶೇಕಡ 2.2. ಫಿಲ್ಟರ್, ಡಬ್ಬ, ಮೂತಿ ಎಲ್ಲವನ್ನೂ ಕಿತ್ತೆಸೆದು ಬರೀ ಬಾಯಿ ಬಿಟ್ಟುಕೊಂಡು ಓಡಿಸಿದರೂ ಸಿಗುವುದು ಅಷ್ಟೇ, ಏಳೆಂಟು ಪಿಎಸ್. ಕಿಟ್ ಹಾಕಿದರೆ ಅದರಲ್ಲಿ ಒಂದು ಪಾಲು. ಇನ್ನೂ ಒಂದು ಮಾತು: ಹಳೆಯ ಪೇಪರ್ ಫಿಲ್ಟರ್ ಧೂಳು ಕಟ್ಟಿಕೊಂಡಿರುವಾಗ ಅಳೆದು, ಹೊಸ ಕಿಟ್ ಜೊತೆ ಹೋಲಿಸಿದರೆ ಅದು ಮೋಸದ ಹೋಲಿಕೆ. ಮೊದಲು ಹೊಸ ಪೇಪರ್ ಫಿಲ್ಟರ್ ಹಾಕಿ ಅಳೆಯಿರಿ. ಎಷ್ಟೋ ಜನರ "ಪಿಕಪ್" ಅಲ್ಲೇ ವಾಪಸ್ ಬಂದುಬಿಡುತ್ತದೆ.

ಹಾಗಾದರೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ 15, 20 ಅಶ್ವಶಕ್ತಿ ಎಲ್ಲಿಂದ ಬರುತ್ತದೆ? ಸುಳ್ಳೇ ಆಗಬೇಕೆಂದಿಲ್ಲ. ಡೈನೋ ಮೇಲೆ ಬಾನೆಟ್ ಎತ್ತಿರುತ್ತಾರೆ, ಮುಂದೆ ದೊಡ್ಡ ಫ್ಯಾನ್ ಬೀಸುತ್ತಿರುತ್ತದೆ. ಮುಚ್ಚಳವಿಲ್ಲದ ಫಿಲ್ಟರಿಗೆ ಅದಕ್ಕಿಂತ ಸ್ವರ್ಗ ಬೇಕೇ? ಜೊತೆಗೆ ಟ್ಯೂನ್, ಅಂದರೆ ಇಸಿಯು ಒಳಗಿನ ಪೆಟ್ರೋಲ್, ಕಿಡಿಯ ಲೆಕ್ಕ ಕೂಡ ಬದಲಾಗಿರುತ್ತದೆ, ಅದರ ಲಾಭವೂ ಪೈಪಿನ ಹೆಸರಿಗೆ ಜಮಾ ಆಗಿರುತ್ತದೆ. ಕಿಟ್ ಮಾತ್ರ ಬದಲಿಸಿ, ಬಾನೆಟ್ ಮುಚ್ಚಿ, ಕೂಲೆಂಟ್ ಉಷ್ಣತೆ ಒಂದೇ ಇರುವಂತೆ ನೋಡಿಕೊಂಡು, ಒಂದೇ ಡೈನೋ ಮೇಲೆ ಮೂರು ಮೂರು ಸಲ ಎಳೆದು ಸರಾಸರಿ ತೆಗೆದ ಗ್ರಾಫ್ ಇದ್ದರೆ ತೋರಿಸಿ ಅಂತ ಮಾರುವವರನ್ನು ಕೇಳಿ. ಆಗ ಮಾತು ಬೇರೆ ದಿಕ್ಕಿಗೆ ಹೊರಳುತ್ತದೆ.

ತಕ್ಕಡಿ ಇರುವುದು ಪೈಪಿನೊಳಗೆ

ಇಲ್ಲಿಯವರೆಗಿನದು ಲಾಭದ ಕಥೆ. ನಷ್ಟದ ಕಥೆ ಇರುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡಿನಲ್ಲಿ, ಮಾಫ್ (ಮಾಸ್ ಏರ್ ಫ್ಲೋ) ಸೆನ್ಸರಿನಲ್ಲಿ. ಒಳಗೆ ಬರುವ ಗಾಳಿಯ ತೂಕವನ್ನು ಅಳೆಯುವುದು ಅದೇ, ಉಷ್ಣತೆ ಹೇಳುವ ಸೆನ್ಸರೂ ಅದರೊಳಗೇ. ಅದು ಪೈಪಿನ ಗೋಡೆಯಿಂದ ಒಳಕ್ಕೆ ಇಳಿಬಿಟ್ಟಿರುತ್ತದೆ. ತನ್ನ ಬಿಸಿ ತಂತಿಯ ಮೇಲೆ ಹಾದುಹೋಗುವ ಪುಟ್ಟ ಹರಿವನ್ನು ಮಾತ್ರ ನೋಡುತ್ತದೆ. ಪೈಪಿನ ಒಳಅಳತೆ ಇಷ್ಟು, ಆದ್ದರಿಂದ ಒಟ್ಟು ಗಾಳಿ ಇಷ್ಟು ಅಂತ ಉಳಿದದ್ದನ್ನು ಇಸಿಯು ತನ್ನೊಳಗಿನ ಪಟ್ಟಿ ನೋಡಿ ಲೆಕ್ಕ ಹಾಕುತ್ತದೆ. ಪೈಪು ಆ ಅಳತೆಯ ಒಂದು ಭಾಗ. ಪೈಪನ್ನು ಮಾತ್ರ ಬದಲಿಸಿ ಪಟ್ಟಿಯನ್ನು ಹಾಗೇ ಬಿಡುವುದೆಂದರೆ, ದಿನಸಿ ಅಂಗಡಿಯವನು ತಕ್ಕಡಿಯ ತೋಳು ಬದಲಿಸಿ ಹಳೇ ಕಲ್ಲಿನಲ್ಲೇ ತೂಗುತ್ತಾ ಹೋದ ಹಾಗೆ.

ಅಂಕಿ ಹಾಕಿ ನೋಡೋಣ. ಸೆನ್ಸರ್ ಇರುವ ಜಾಗದ ಒಳವ್ಯಾಸ 80 ಮಿಲಿಮೀಟರ್ ಇದ್ದದ್ದು 90 ಆಯಿತು ಅನ್ನಿ. ಕೇವಲ 10 ಮಿಲಿಮೀಟರ್. ಆದರೆ ವಿಸ್ತೀರ್ಣ ಶೇಕಡ 26ರಷ್ಟು ಹೆಚ್ಚಾಯಿತು. ಅಷ್ಟೇ ಗಾಳಿ ಈಗ ನಿಧಾನಕ್ಕೆ ಹರಿಯುತ್ತದೆ, ಸೆನ್ಸರ್ ಶೇಕಡ 21 ಕಡಿಮೆ ತೋರಿಸುತ್ತದೆ. ಇಸಿಯು ಕಡಿಮೆ ಪೆಟ್ರೋಲ್ ಸುರಿಯುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಆಕ್ಸಿಜನ್ ಸೆನ್ಸರುಗಳು ಅದನ್ನು ಹಿಡಿದು, ಇನ್ನಷ್ಟು ಸುರಿ ಅನ್ನುತ್ತವೆ. ಈ ತಿದ್ದುಪಡಿಯೇ ಫ್ಯುಯೆಲ್ ಟ್ರಿಮ್. ತಿದ್ದುವುದಕ್ಕೆ ಒಂದು ಮಿತಿ ಇದೆ, ಸಾಮಾನ್ಯವಾಗಿ ಶೇಕಡ 25ರ ಹತ್ತಿರ. ಅದನ್ನು ಮುಟ್ಟಿದರೆ ಎರಡೂ ಬ್ಯಾಂಕ್ (ವಿ8ನ ಎರಡು ಸಿಲಿಂಡರ್ ಸಾಲುಗಳು) ಲೀನ್ ಅಂತ ಪಿ0171, ಪಿ0174 ಕೋಡುಗಳು ಬಂದು ಚೆಕ್ ಎಂಜಿನ್ ದೀಪ ಹತ್ತುತ್ತದೆ.

ಈ ಕಾರಿನಲ್ಲಿ ಮಿಶ್ರಣ ಎಷ್ಟು ಲೀನ್ ಅನ್ನುವುದನ್ನೂ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರುಗಳಿವೆ, ಪೂರ್ತಿ ಥ್ರಾಟಲ್‌ನಲ್ಲೂ ಮಿಶ್ರಣ ಸರಿಮಾಡಿಕೊಳ್ಳುತ್ತದೆ, ಚಿಂತೆಯೇನು ಅನ್ನುವವರಿದ್ದಾರೆ. ಅರ್ಧ ನಿಜ. ಪೆಟ್ರೋಲನ್ನು ಅದು ಸರಿಮಾಡಿಕೊಂಡೀತು. ಇಗ್ನಿಷನ್ ಟೈಮಿಂಗನ್ನು ಯಾರು ಸರಿಮಾಡುತ್ತಾರೆ? ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅನ್ನುವುದನ್ನೂ ಇಸಿಯು ಇದೇ ಮಾಫ್ ಅಂಕಿಯಿಂದ ತೆಗೆಯುತ್ತದೆ. ಗಾಳಿ ಕಡಿಮೆ ಕಂಡರೆ ಲೋಡ್ ಕಡಿಮೆ ಅಂದುಕೊಳ್ಳುತ್ತದೆ, ಲೋಡ್ ಕಡಿಮೆಯಾದರೆ ಕಿಡಿ ಬೇಗ ಹಾರಿಸಬಹುದು ಅಂದುಕೊಳ್ಳುತ್ತದೆ. 11:1 ಕಂಪ್ರೆಷನ್ನಿನ ಎಂಜಿನ್, ಏಪ್ರಿಲ್ ತಿಂಗಳ ಬಿಸಿಲು, ಟ್ಯಾಂಕಿನಲ್ಲಿ ಯಾವ ಆಕ್ಟೇನ್ ಇದೆಯೋ. ನಾಕಿಂಗ್, ಅಂದರೆ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು, ಶುರುವಾಗುತ್ತದೆ, ನಾಕ್ ಸೆನ್ಸರ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಕಡಿಮೆಯಾಗುತ್ತದೆ. ಸದ್ದು ಮಾತ್ರ ಅದ್ಭುತ.

ಇದಕ್ಕೆ ನಮ್ಮ ದೇಶದ್ದೇ ಒಂದು ಸೇರ್ಪಡೆ ಇದೆ: ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. ಇ10ಕ್ಕೆ ಒಂದು ಪಾಲು ಪೆಟ್ರೋಲಿಗೆ ಸುಮಾರು 14.1 ಪಾಲು ಗಾಳಿ ಸಾಕಾದರೆ, ಇ20ಕ್ಕೆ 13.5. ಅಂದರೆ ಅಷ್ಟೇ ಗಾಳಿಗೆ ಶೇಕಡ 4ರಷ್ಟು ಹೆಚ್ಚು ಪೆಟ್ರೋಲ್ ಬೇಕು. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇಕಡ 8-9. ಕಿಟ್ ಹಾಕುವ ಮುಂಚೆಯೇ ಫ್ಯುಯೆಲ್ ಟ್ರಿಮ್ ಸಾಕಷ್ಟು ಮೇಲೆ ಹೋಗಿ ಕೂತಿರುತ್ತದೆ. ಅಮೆರಿಕದಲ್ಲಿ ಯಾವ ತಕರಾರೂ ಇಲ್ಲದೆ ಓಡಿದ ಅದೇ ಕಿಟ್ ಇಲ್ಲಿ ದೀಪ ಹೊತ್ತಿಸಿದರೆ, ಕಿಟ್ಟಿನ ತಪ್ಪು ಅಂತಲೇ ತಿಳಿಯಬೇಕಿಲ್ಲ. ಎರಡು ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂತಿರುತ್ತವೆ. ಅದಕ್ಕೇ ಕಿಟ್ ಹಾಕುವ ಮುಂಚಿನ ಟ್ರಿಮ್ ಅಂಕಿಗಳನ್ನು ಬರೆದಿಡಬೇಕು: ಐಡಲ್‌ನಲ್ಲಿ (ಪೆಡಲ್ ಒತ್ತದೆ ನಿಂತಾಗ) ಎಷ್ಟು, 2,500 ಆರ್‌ಪಿಎಂನಲ್ಲಿ ಎಷ್ಟು, 80ರ ವೇಗದಲ್ಲಿ ಸಮವಾಗಿ ಹೋಗುವಾಗ ಎಷ್ಟು, ಎರಡೂ ಬ್ಯಾಂಕಿನದ್ದು.

ಆರಿಸುವಾಗ

ಈ ಕಾರಿಗೆ ರೌಷ್, ಸ್ಟೀಡಾ, ಜೆಎಲ್‌ಟಿ, ಕೆ ಆಂಡ್ ಎನ್ ಹೀಗೆ ಹತ್ತಾರು ಕಂಪನಿಗಳ ಕಿಟ್‌ಗಳಿವೆ. ಹೆಸರಿಗಿಂತ ಮೊದಲು ಎರಡು ಜಾತಿಗಳನ್ನು ಬೇರೆ ಮಾಡಿಕೊಳ್ಳಿ: ಟ್ಯೂನ್ ಬೇಕಿಲ್ಲದ್ದು, ಟ್ಯೂನ್ ಬೇಕೇ ಬೇಕಾದದ್ದು. ಮೊದಲನೆಯದರಲ್ಲಿ ಸೆನ್ಸರ್ ಜಾಗದ ಅಳತೆ ಕಂಪನಿಯದ್ದರ ಹತ್ತಿರವೇ ಇರುತ್ತದೆ, ಅದಕ್ಕೇ ಲಾಭವೂ ಕಮ್ಮಿ. ಎರಡನೆಯದರಲ್ಲಿ ಪೈಪು ದಪ್ಪ. ಇಸಿಯುನಲ್ಲಿ ಆ ಪೈಪಿನ ಹೊಸ ಮಾಫ್ ಪಟ್ಟಿ ತುಂಬದೆ ಎಂಜಿನ್ ಸ್ಟಾರ್ಟ್ ಕೂಡ ಮಾಡಬಾರದು. ಬೆಂಗಳೂರಿನಲ್ಲಿ ನಂಬುವಂಥ ಟ್ಯೂನರ್ ಸಿಕ್ಕಿ, ಅವರು ನಿಮ್ಮ ಕಾರಿನಲ್ಲಿ ನಮ್ಮ ಪೆಟ್ರೋಲ್ ಹಾಕಿ ಲಾಗ್ ತೆಗೆದು ತಿದ್ದಿಕೊಡುತ್ತಾರೆ ಅನ್ನುವುದು ಖಾತ್ರಿಯಾಗುವವರೆಗೆ ಎರಡನೇ ಜಾತಿಯ ತಂಟೆಗೆ ಹೋಗದಿರುವುದು ಮೇಲು. ಇಮೇಲಿನಲ್ಲಿ ಬರುವ ಸಿದ್ಧ ಟ್ಯೂನ್ ಫೈಲನ್ನು ಅಮೆರಿಕದ 91, 93 ಆಕ್ಟೇನ್ ಲೆಕ್ಕದಲ್ಲಿ ಬರೆದಿರುತ್ತಾರೆ. ಅಮೆರಿಕದ 91 ನಮ್ಮ ಪಂಪಿನ 91 ಅಲ್ಲ. ಅಲ್ಲಿ ಎರಡು ವಿಧಾನಗಳ ಸರಾಸರಿಯನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ನಮ್ಮ ಲೆಕ್ಕದಲ್ಲಿ ಅದು 95-96ಕ್ಕೆ ಸಮ.

ಎರಡನೆಯ ಪ್ರಶ್ನೆ ಮುಚ್ಚಳದ್ದು. ಪೂರ್ತಿ ಮುಚ್ಚಿದ ಡಬ್ಬ ಇದ್ದು, ಕಂಪನಿಯ ಮೂತಿಯನ್ನೇ ಬಳಸಿಕೊಳ್ಳುವ ಕಿಟ್ ಇದ್ದರೆ ಅದೇ ಮೊದಲ ಆಯ್ಕೆ. ಮುಚ್ಚಳವಿಲ್ಲದಿದ್ದರೂ ಅಡ್ಡ ತಗಡಿನ ಅಂಚಿನ ರಬ್ಬರ್ ಪಟ್ಟಿ ಬಾನೆಟ್‌ಗೆ ಒತ್ತಿ ಕೂರಬೇಕು. ಪರೀಕ್ಷಿಸುವುದು ಸುಲಭ: ರಬ್ಬರ್ ಮೇಲೆ ಸೀಮೆಸುಣ್ಣ ಬಳಿದು, ಬಾನೆಟ್ ಮುಚ್ಚಿ ತೆಗೆಯಿರಿ. ಬಾನೆಟ್ ಒಳಮೈಯಲ್ಲಿ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಬಿಸಿ ಗಾಳಿ ನುಗ್ಗುತ್ತದೆ. ಇನ್ನೊಂದು, ಹೆಚ್ಚಿನ ಕಿಟ್‌ಗಳ ಅಳತೆ ತೆಗೆದಿರುವುದು ಎಡಗೈ ಸ್ಟೀರಿಂಗ್ ಕಾರಿನಲ್ಲಿ. ನಮ್ಮದರಲ್ಲಿ ಬ್ರೇಕ್ ಬೂಸ್ಟರ್, ಬ್ರೇಕ್ ಆಯಿಲ್ ಡಬ್ಬಿ ಇನ್ನೊಂದು ಬದಿಗೆ ಬಂದಿರುತ್ತವೆ. ಬಲಗೈ ಸ್ಟೀರಿಂಗ್‌ಗೆ ಕೂರುತ್ತದೆಯೇ ಅಂತ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ.

ಮೂರನೆಯದು ಫಿಲ್ಟರ್ ಬಟ್ಟೆ, ನನ್ನ ಪ್ರಕಾರ ನಮ್ಮೂರಿಗೆ ಅತಿ ಮುಖ್ಯವಾದದ್ದು ಇದೇ. ಮೆಟ್ರೋ ಕಾಮಗಾರಿ, ಅಗೆದ ರಸ್ತೆ, ಟಿಪ್ಪರ್ ಲಾರಿಗಳ ಊರು ಇದು. ಒಳ್ಳೆಯ ಪೇಪರ್ ಫಿಲ್ಟರ್ ಸಣ್ಣ ಧೂಳಿನಲ್ಲಿ ಶೇಕಡ 99.5 ಹಿಡಿದು, ಇನ್ನೊಂದು ಫಿಲ್ಟರ್ 98.5 ಹಿಡಿದರೆ, ಒಂದೇ ಪರ್ಸೆಂಟ್ ತಾನೇ ಅನ್ನಿಸುತ್ತದೆ. ಒಳಗೆ ಹೋಗುವ ಧೂಳಿನ ಲೆಕ್ಕದಲ್ಲಿ ಅದು 0.5ರ ಬದಲು 1.5, ಮೂರು ಪಟ್ಟು. ಐಎಸ್ಒ 5011 ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸುವ ಕಂಪನಿಯದ್ದೇ ಕೊಳ್ಳಿ. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರಿಗಿಂತ ಡ್ರೈ ಸಿಂಥೆಟಿಕ್ ಫಿಲ್ಟರ್ ಇಲ್ಲಿ ವಾಸಿ, ಏಕೆಂದರೆ ಎಣ್ಣೆ ಫಿಲ್ಟರಿನ ಅಪಾಯ ಇರುವುದು ಅದನ್ನು ತೊಳೆಯುವವರ ಕೈಯಲ್ಲಿ. ಕೈ ಧಾರಾಳವಾದರೆ ಹೆಚ್ಚಿನ ಎಣ್ಣೆ ಹಾರಿ ಮಾಫ್ ತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ತೂಕ ಮತ್ತೆ ತಪ್ಪುತ್ತದೆ. ಫಿಲ್ಟರ್ ತನ್ನ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ಎಂಜಿನ್ ಆಯಿಲ್ ಬದಲಿಸುವಾಗ ಒಂದು ಸಣ್ಣ ಬಾಟಲಿ ತೆಗೆದು ಲ್ಯಾಬಿಗೆ ಕಳಿಸಿ, ಸಿಲಿಕಾನ್ ಅಂಕಿ ನೋಡಿ. ಕಿಟ್ ಹಾಕಿದ ಮೇಲೆ ಅದು ಏರುತ್ತಾ ಹೋದರೆ ಧೂಳು ಪಿಸ್ಟನ್ ರಿಂಗನ್ನು ಸವೆಸುತ್ತಿದೆ ಅಂತ ಅರ್ಥ.

ಫಿಲ್ಟರನ್ನು ಬಂಪರ್ ಒಳಗೆ ಕೆಳಕ್ಕೆ ಇಳಿಸುವ ಕಿಟ್‌ಗಳು ಬೇರೆ ಕಾರುಗಳಿಗೆ ಸಿಗುತ್ತವೆ. ಅಲ್ಲಿ ಗಾಳಿ ನಿಜಕ್ಕೂ ತಣ್ಣಗಿರುತ್ತದೆ. ಆದರೆ ಈ ಎಂಜಿನ್ನಿನ ಒಂದು ಸಿಲಿಂಡರ್ 619 ಸಿಸಿ. 11:1 ಕಂಪ್ರೆಷನ್ ಅಂದರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 62 ಮಿಲಿಲೀಟರ್. ಅರ್ಧ ಲೋಟ ಕಾಫಿಗಿಂತ ಹೆಚ್ಚೇನಲ್ಲ. ಅಷ್ಟು ನೀರು ಒಂದು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೇ ತಿಂಗಳ ಒಂದು ಮಳೆಗೆ ಅಂಡರ್‌ಪಾಸುಗಳು ತುಂಬುವ ಊರಿನಲ್ಲಿ ಅಂಥ ಕಿಟ್ ಬೇಡವೇ ಬೇಡ.

ಕೂರಿಸುವುದು

ಕೆಲಸ ಒಂದೂವರೆ ಗಂಟೆಯದ್ದು. 8 ಮತ್ತು 10 ಮಿಲಿಮೀಟರ್ ಸಾಕೆಟ್, ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಕ್ಸ್ ಟಿ20 ಬಿಟ್ ಬೇಕು. ಮಾಫ್ ಸ್ಕ್ರೂಗಳ ನಡುವೆ ಒಂದು ಪುಟ್ಟ ಮೊಳೆ ಎದ್ದಿದ್ದರೆ ನಡುವೆ ತೂತಿರುವ ಬಿಟ್ಟೇ ಆಗಬೇಕು, ಮೊದಲೇ ನೋಡಿಟ್ಟುಕೊಳ್ಳಿ. ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಬಾನೆಟ್ ಬಿಚ್ಚಿಟ್ಟುಕೊಂಡು ಅಲ್ಲಿಗೆ ಓಡುವುದು ಯಾರಿಗೂ ಬೇಡ.

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳೆಯ ಟ್ರಿಮ್ ಪಾಠಗಳೂ ಇದರಿಂದ ಅಳಿಸಿಹೋಗುತ್ತವೆ, ಒಳ್ಳೆಯದೇ. ಮಾಫ್ ಕನೆಕ್ಟರಿನ ಲಾಕನ್ನು ಮೊದಲು ಹಿಂದಕ್ಕೆ ಸರಿಸಿ, ಆಮೇಲೆ ಒತ್ತಿ ಎಳೆಯಿರಿ. ಲಾಕ್ ಸರಿಸದೆ ಎಳೆದು ಮುರಿದ ಕನೆಕ್ಟರುಗಳೇ ಮುಂದೆ ಬಿಟ್ಟುಬಿಟ್ಟು ಕಾಡುವ ದೋಷಗಳಾಗುತ್ತವೆ. ಎಂಜಿನ್ನಿನಿಂದ ಇನ್‌ಟೇಕ್ ಪೈಪಿಗೆ ಬರುವ ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್ ತೆಗೆಯಿರಿ, ಸೌಂಡ್ ಟ್ಯೂಬ್ ಕಳಚಿ, ಥ್ರಾಟಲ್ ಬಾಡಿಯ ಕ್ಲಾಂಪ್ ಸಡಿಲಿಸಿ. ಡಬ್ಬದ ಬೋಲ್ಟ್ ತೆಗೆದು ನೇರ ಮೇಲಕ್ಕೆ ಎಳೆದರೆ ಕೆಳಗಿನ ರಬ್ಬರ್ ಗುಂಡಿಗಳಿಂದ ಬಿಟ್ಟುಕೊಂಡು ಬರುತ್ತದೆ. ಬಂದ ಕೂಡಲೇ ಥ್ರಾಟಲ್ ಬಾಯಿಗೆ ಶುಭ್ರ ಬಟ್ಟೆ ತುರುಕಿ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ.

ಮಾಫ್ ಸೆನ್ಸರನ್ನು ಹಳೆಯ ಡಬ್ಬದಿಂದ ತೆಗೆಯುವಾಗ ತಂತಿಯ ಕಡೆ ಬೆರಳು ತಾಗಬಾರದು. ಕೊಳೆಯಾಗಿದ್ದರೆ ಮಾಫ್ ಕ್ಲೀನರ್ ಅಂತಲೇ ಸಿಗುವ ಸ್ಪ್ರೇ ಮಾತ್ರ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಹೊಡೆದರೆ ಸೆನ್ಸರ್ ಸತ್ತಿತು. ಹೊಸ ಪೈಪಿಗೆ ಹಾಕುವಾಗ ಗಾಳಿಯ ದಿಕ್ಕಿನ ಬಾಣ ಥ್ರಾಟಲ್ ಕಡೆಗಿರಬೇಕು, ಓ-ರಿಂಗ್ ಹೊಸಕಿಕೊಂಡಿರಬಾರದು. ಸ್ಕ್ರೂಗಳು ಪ್ಲಾಸ್ಟಿಕ್ಕಿನೊಳಗೆ ಹೋಗುವಂಥವು, ಕೈಬಿಗಿ ಸಾಕು.

ಜೋಡಿಸುವಾಗಿನ ಒಂದೇ ಗುಟ್ಟು: ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಯಾವ ಕ್ಲಾಂಪನ್ನೂ ಮೊದಲೇ ಬಿಗಿಯಬೇಡಿ. ಪೈಪನ್ನು ತಿರುಗಿಸಿ, ಸರಿಸಿ, ಬಾನೆಟ್, ರೇಡಿಯೇಟರ್ ಹೋಸ್, ಫ್ಯಾನ್ ಕವಚ ಎಲ್ಲದರಿಂದ ಕಡೇಪಕ್ಷ 12-15 ಮಿಲಿಮೀಟರ್ ಅಂತರ ಬಂದ ಮೇಲೆ ಥ್ರಾಟಲ್ ಕಡೆಯಿಂದ ಶುರುಮಾಡಿ ಫಿಲ್ಟರ್ ಕಡೆಗೆ ಬಿಗಿಯುತ್ತಾ ಬನ್ನಿ. ಅಷ್ಟು ಅಂತರ ಯಾಕೆಂದರೆ, ಪೆಡಲ್ ಒತ್ತಿದಾಗ ವಿ8 ತನ್ನ ಮೌಂಟುಗಳ ಮೇಲೆ ವಾಲುತ್ತದೆ. ನಿಂತಾಗ ಮುಟ್ಟದ ಪೈಪು ಓಡುವಾಗ ಉಜ್ಜುತ್ತದೆ. ಕ್ಲಾಂಪಿಗೆ 4 ನ್ಯೂಟನ್ ಮೀಟರ್ ಆಸುಪಾಸು ಸಾಕು, ಸಿಲಿಕೋನ್ ಕ್ಲಾಂಪಿನ ಸೀಳುಗಳಿಂದ ಇಣುಕಲು ಶುರುಮಾಡಿದರೆ ನಿಲ್ಲಿಸಿ. ಫಿಲ್ಟರಿನ ಕುತ್ತಿಗೆ ಪೂರ್ತಿ ಒಳಗೆ ಕೂತಿರಬೇಕು, ಆದರೆ ಪೈಪಿನ ಅಂಚು ಫಿಲ್ಟರಿನೊಳಗೆ ಚಾಚಿಕೊಂಡಿರಬಾರದು. ಅಲ್ಲಿ ಸುಳಿಯೆದ್ದರೆ ಹತ್ತಿರದಲ್ಲೇ ಇರುವ ಮಾಫ್ ಗೊಂದಲಕ್ಕೆ ಬೀಳುತ್ತದೆ. ಸೌಂಡ್ ಟ್ಯೂಬಿನ ತೂತಿಗೆ ಕಿಟ್ಟಿನ ಜೊತೆ ಬಂದ ಮುಚ್ಚಳ ಹಾಕಲು ಮರೆಯುವವರು ಬಹಳ. ಬಟ್ಟೆ ತೆಗೆಯಲು ಮರೆಯುವವರೂ ಇದ್ದಾರೆ, ಅದು ದುಬಾರಿ ಮರೆವು.

ಮೊದಲ ವಾರ ಏನು ನೋಡಬೇಕು

ಸ್ಟಾರ್ಟ್ ಆದ ಕೂಡಲೇ ಎಂಜಿನ್ ಆಫ್ ಆದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸೆನ್ಸರ್ ಹಿಂದುಮುಂದಾಗಿದೆ. ಪಿ0102 ಬಂದರೆ ಮಾಫ್ ಸಿಗ್ನಲ್ ಇಲ್ಲ, ಪಿ0113 ಬಂದರೆ ಉಷ್ಣತೆಯ ಸಿಗ್ನಲ್ ತುಂಡು. ಎರಡೂ ಒಟ್ಟಿಗೆ ಬಂದರೆ ಬೇರೆಲ್ಲೂ ಹುಡುಕಬೇಡಿ, ಕನೆಕ್ಟರ್ ಮತ್ತೆ ಒತ್ತಿ. ಚೆನ್ನಾಗಿ ಓಡುತ್ತಿದ್ದರೆ ಐದು ನಿಮಿಷ ಐಡಲ್ ಬಿಟ್ಟು, ಮೂರು ನಾಲ್ಕು ದಿನ ಸಾಧಾರಣವಾಗಿ ಓಡಿಸಿ, ಮುಂಚೆ ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಹೊಸ ಟ್ರಿಮ್ ಬರೆಯಿರಿ. ಹಳೆಯದಕ್ಕಿಂತ ಶೇಕಡ 5ರೊಳಗೆ ವ್ಯತ್ಯಾಸ ಇದ್ದರೆ ಸಂತೋಷ. 10 ಆದರೆ ಕಾರಣ ಹುಡುಕಿ. 15 ದಾಟಿದರೆ ಪೂರ್ತಿ ಥ್ರಾಟಲ್ ಬೇಡ.

ಕಾರಣ ಹುಡುಕುವುದಕ್ಕೆ ಟ್ರಿಮ್ ಏರುವ ರೀತಿಯೇ ದಾರಿ ತೋರಿಸುತ್ತದೆ. ಐಡಲ್‌ನಲ್ಲಿ 14-15 ಇದ್ದದ್ದು 2,500 ಆರ್‌ಪಿಎಂಗೆ ಬಂದಾಗ ನಾಲ್ಕೈದಕ್ಕೆ ಇಳಿದರೆ ಮಾಫ್ ದಾಟಿದ ಮೇಲೆ ಎಲ್ಲೋ ಸೋರಿಕೆ: ಬ್ರೀದರ್ ಹೋಸ್, ಸೌಂಡ್ ಟ್ಯೂಬ್ ತೂತು, ಥ್ರಾಟಲ್ ಕ್ಲಾಂಪ್. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತದೆ. ಹರಿವು ಹೆಚ್ಚಾದಂತೆ ಆ ಪಾಲು ಮುಳುಗಿಹೋಗುತ್ತದೆ. ಎಲ್ಲ ವೇಗದಲ್ಲೂ ಒಂದೇ ಸಮ 12 ಇದ್ದು, ಎಲ್ಲೂ ಸೋರಿಕೆ ಕಾಣದಿದ್ದರೆ ಪೈಪಿನ ಅಳತೆಯೇ ಬೇರೆ. ಅದಕ್ಕೆ ಟ್ಯೂನ್ ಒಂದೇ ಮದ್ದು. ಅಂಕಿ ನಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮಾಫ್ ಮುಂದೆ ಸುಳಿ ಏಳುತ್ತಿದೆ. ಫಿಲ್ಟರ್ ಕ್ಲಾಂಪ್ ಸಡಿಲಿಸಿ ಫಿಲ್ಟರನ್ನು ಕಾಲು ಸುತ್ತು ತಿರುಗಿಸಿ ನೋಡಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಮಾಫ್‌ಗಿಂತ ಮುಂಚೆ, ಅಂದರೆ ಫಿಲ್ಟರ್ ಕುತ್ತಿಗೆಯಲ್ಲಿ ಸೋರಿದರೆ ಮಾತ್ರ ಟ್ರಿಮ್ ಏನೂ ಹೇಳುವುದಿಲ್ಲ, ಯಾಕೆಂದರೆ ಆ ಗಾಳಿಯನ್ನೂ ಸೆನ್ಸರ್ ತೂಗಿರುತ್ತದೆ. ಅಲ್ಲಿಂದ ಹೋಗುವುದು ಧೂಳು. ಸಾವಿರ ಕಿಲೋಮೀಟರ್ ಆದ ಮೇಲೆ ಫಿಲ್ಟರ್ ಬಿಚ್ಚಿ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ಅದಕ್ಕೇ.

ಕಾಗದಪತ್ರ

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಕೂಡದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಫಿಲ್ಟರ್ ಡಬ್ಬದ ವಿವರ ಆರ್‌ಸಿಯಲ್ಲಿ ಇರುವುದಿಲ್ಲ ನಿಜ. ಆದರೆ ಇನ್ಶೂರೆನ್ಸ್ ಸರ್ವೇಯರ್ ಬಾನೆಟ್ ಎತ್ತಿದಾಗ ಮೊದಲು ಕಾಣುವುದೂ ಅದೇ ಕೆಂಪು ಕೋನ್. ಅದರಲ್ಲೂ ಎಂಜಿನ್ನಿಗೆ ನೀರು ನುಗ್ಗಿದ ಕ್ಲೇಮಿನಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ. ಪಾಲಿಸಿ ನವೀಕರಿಸುವಾಗಲೇ ಬರೆದು ತಿಳಿಸಿ, ಒಪ್ಪಿಗೆಯ ಪ್ರತಿ ಇಟ್ಟುಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ನಿಯಮ ಬೇರೆ, ಒಂದು ರೀತಿಯಲ್ಲಿ ಸ್ಪಷ್ಟ. ಕಿಟ್‌ಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ (ಅನುಮತಿ ಆದೇಶ) ಸಂಖ್ಯೆ ಇರಬೇಕು, ಅದು ನಿಮ್ಮ ಕಾರಿನ ವರ್ಷಕ್ಕೂ ಎಂಜಿನ್ನಿಗೂ ಅನ್ವಯಿಸುವಂಥದ್ದೇ ಆಗಿರಬೇಕು, ಸ್ಟಿಕ್ಕರ್ ಬಾನೆಟ್ ಅಡಿ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು. 2021ರ ಜುಲೈಯಿಂದ ಸ್ಮಾಗ್ (ಹೊಗೆ) ಪರೀಕ್ಷೆಯಲ್ಲಿ ಇಸಿಯು ಸಾಫ್ಟ್‌ವೇರನ್ನೂ ನೋಡುತ್ತಾರೆ. ಅಂದಿನಿಂದ ಟ್ಯೂನ್ ಬೇಕಾದ ಕಿಟ್ ಅಲ್ಲಿ ದೊಡ್ಡ ತಲೆನೋವು. ವಾರಂಟಿ ಬಗ್ಗೆ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಬೆನ್ನಿಗಿದೆ, ಹೊರಗಿನ ಬಿಡಿಭಾಗ ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ತಳ್ಳಿಹಾಕುವಂತಿಲ್ಲ. ಆದರೆ ಲೀನ್ ಆಗಿ ಓಡಿ ಪಿಸ್ಟನ್ ಹೋದರೆ, ಆ ಬಿಡಿಭಾಗವೇ ಕಾರಣ ಅಂತ ತೋರಿಸುವುದು ಅವರಿಗೆ ಕಷ್ಟವೇನಲ್ಲ; ಲಾಗ್ ಎಲ್ಲ ಇಸಿಯುನಲ್ಲೇ ಇರುತ್ತದೆ.

ಕಿತ್ತ ಕಂಪನಿ ಡಬ್ಬವನ್ನು ಗುಜರಿಗೆ ಹಾಕಬೇಡಿ. ಬೋಲ್ಟು, ರಬ್ಬರ್ ಗುಂಡಿ, ಸೌಂಡ್ ಟ್ಯೂಬ್ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ, ಡಬ್ಬದೊಳಗೇ ಇಟ್ಟು, ಮೂತಿಗೆ ಬಟ್ಟೆ ತುರುಕಿ ಅಟ್ಟಕ್ಕೆ ಹಾಕಿ. ಬಟ್ಟೆ ಇಲಿಗಳಿಗಾಗಿ. ಫೋರ್ಡ್ 2021ರಲ್ಲೇ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಈ ಕಾರಂತೂ ಹೊರಗಿನಿಂದ ಬಂದದ್ದು. ಕಾರು ಮಾರುವ ದಿನ ಕೊಳ್ಳುವವರು ಒರಿಜಿನಲ್ ಡಬ್ಬ ಎಲ್ಲಿ ಅಂತ ಕೇಳಿದಾಗ ಹೊಸದನ್ನು ಹುಡುಕಿ ತರಿಸುವುದು ಕಿಟ್ ತರಿಸಿದಷ್ಟು ಸುಲಭವಲ್ಲ.